ಒಂದೇ ಟಿಕ್ಕಿನ ಮೆಸೇಜುಗಳು

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರ ಬಾಯಿ ನೋಯುತ್ತದೆ, ಸರಿ. ಆದರೆ ಅವರನ್ನು ವಿಚಾರಿಸಿ ವಿಚಾರಿಸಿ ಹೇಮಾಕ್ಷಿಯ ತಲೆ ನೋಯುವುದನ್ನು ಕೇಳುವವರು ಯಾರು? ಅವಳು ಕೆಲಸಕ್ಕಿದ್ದ ಕದ್ರಿಯ ಕ್ಲಿನಿಕ್ಕಿನಲ್ಲಿ ಲ್ಯಾನ್ಸಿ ಡಾಕ್ಟರು ಹೊಸ ನಿಯಮ ತಂದಿದ್ದರು. ಕ್ಲಿಪ್ ಹಾಕಿದ ಮೇಲೆ, ಆಮೇಲೆ ತಿಂಗಳಿಗೊಮ್ಮೆ ತಂತಿ ಬಿಗಿ ಮಾಡಿದಾಗಲೂ, ನಾಲ್ಕು ದಿನ, ದಿನಕ್ಕೊಂದು ವಾಟ್ಸಾಪ್ ಮೆಸೇಜು ಹೋಗಬೇಕು. ನೋವು ಹೇಗಿದೆ, ಹೆದರಬೇಡಿ, ಗಂಜಿ ಕುಡಿಯಿರಿ, ತಂತಿ ಚುಚ್ಚಿದರೆ ಮೇಣ ಹಚ್ಚಿ. ಧೈರ್ಯ ಹೇಳಿದರೆ ಅರ್ಧ ನೋವು ಹೋಗುತ್ತದೆ ಎಂಬುದು ಡಾಕ್ಟರ ವಾದ. ಹೇಳುವ ಕೆಲಸ ಮಾತ್ರ ಹೇಮಾಕ್ಷಿಯದು. ಒಬ್ಬ ಬಂಗುಡೆ ಫ್ರೈ ತಿನ್ನಬಹುದಾ ಎಂದು ಕೇಳುತ್ತಾನೆ, ಇನ್ನೊಬ್ಬಳು ಬಾಯಿ ತೆರೆದು ತೆಗೆದ ಹನ್ನೊಂದು ಫೋಟೊ ಕಳಿಸುತ್ತಾಳೆ.

ಹಾಗಾಗಿ ಜೆಪ್ಪುವಿನ ದೀಕ್ಷಿತಾ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿಯಿಂದ ಉತ್ತರವೇ ಬಾರದಿದ್ದಾಗ ಹೇಮಾಕ್ಷಿಗೆ ಒಳಗೊಳಗೇ ಖುಷಿಯಾಗಿತ್ತು. ನಾಲ್ಕೂ ಮೆಸೇಜಿನ ಪಕ್ಕ ಒಂದೊಂದೇ ಟಿಕ್ಕು, ಅಂದರೆ ಅವು ತಲುಪಿರಲೇ ಇಲ್ಲ. ಅದನ್ನು ಕಂಡೂ ಅವಳು ಮೆಸೇಜಿನ ಲೆಕ್ಕ ಇಡುವ ಪುಸ್ತಕದಲ್ಲಿ 'ಕಳಿಸಿದೆ' ಎಂದು ಬರೆದಿದ್ದಳು.

ನಾಲ್ಕನೇ ದಿನ ಸಂಜೆ ಕ್ಲಿನಿಕ್ಕಿಗೆ ಫೋನು ಬಂತು.

"ನಾನು ಬೂಬ, ದೀಕ್ಷಿತಾನ ಅಜ್ಜ. ನಾಳೆ ಹತ್ತು ಗಂಟೆಗೆ ಬರ್ತೇವೆ. ಆ ಕ್ಲಿಪ್ಪು ತೆಗೀಬೇಕು."

"ಯಾಕೆ ಅಜ್ಜ, ಎಂತ ಆಯ್ತು?"

"ಮಗು ನಾಲ್ಕು ದಿನದಿಂದ ಸರಿ ಊಟ ಮಾಡ್ಲಿಲ್ಲ. ಕೆನ್ನೆಯ ಒಳಗೆ ಗಾಯ ಉಂಟು. ನಿಮ್ಮವರು ಒಬ್ರಾದ್ರೂ ಕೇಳಿದ್ರಾ?"

"ದಿನಾ ಮೆಸೇಜ್ ಮಾಡಿದ್ದೇನೆ. ನೀವು ಬರೆಸಿದ ನಂಬರ್ ಯಾರದ್ದು?"

"ನನ್ನ ಮಗ ಕಮಲೇಶಂದು. ಅವ ಮೀನಿನ ಬೋಟಿಗೆ ಹೋಗಿ ಎಂಟು ದಿನ ಆಯ್ತು. ಕಡಲಲ್ಲಿ ರೇಂಜ್ ಎಲ್ಲುಂಟು?"

ಹೇಮಾಕ್ಷಿ ಹಣೆ ಚಚ್ಚಿಕೊಂಡಳು. "ಮತ್ತೆ ಅದನ್ನೇ ಯಾಕೆ ಕೊಟ್ಟದ್ದು ಮಾರ್ರೆ?"

"ನಾವು ಎಲ್ಲದಕ್ಕೂ ಅವನದ್ದೇ ಕೊಡುದು. ಶಾಲೆಗೂ, ಗ್ಯಾಸಿಗೂ."

ಸಿಟ್ಟು ನೆತ್ತಿಗೇರಿತು. ಆದರೆ ಆ ಹುಡುಗಿಯ ನೆನಪೂ ಬಂತು. ಬಾಯಿಗೆ ಕೈ ಅಡ್ಡ ಹಿಡಿದೇ ನಗುವವಳು, ಕ್ಲಿಪ್ ಹಾಕಿದ ದಿನ ಕನ್ನಡಿ ಕೆಳಗಿಡಲು ಒಪ್ಪಿರಲಿಲ್ಲ. ಈಗ ತೆಗೆಸಿದರೆ ಇನ್ನೊಮ್ಮೆ ಈ ಮೆಟ್ಟಿಲು ಹತ್ತುವುದು ಅನುಮಾನ. ಹೇಮಾಕ್ಷಿ ಬೂಬನ ಫೋನಿಗೇ ವಿಡಿಯೊ ಕಾಲ್ ಮಾಡಿದಳು.

ಮೊದಲು ಫ್ಯಾನು ಕಂಡಿತು. ಆಮೇಲೆ ಬಹಳ ಹೊತ್ತು ಬೂಬನ ಕಿವಿ. "ಅಜ್ಜ, ಕಿವಿಗೆ ಹಿಡಿಯುದಲ್ಲ, ಎದುರಿಗೆ ಹಿಡೀರಿ," ಎಂದು ಮೂರು ಸಲ ಹೇಳಿದ ಮೇಲೆ ಹುಡುಗಿಯ ಅತ್ತು ಬಾತ ಮುಖ ಬಂತು. ಕೊನೆಯ ಹಲ್ಲಿನ ಹತ್ತಿರ ತಂತಿಯ ತುದಿ ಹೊರಗೆ ಬಂದಿತ್ತು. ಹಚ್ಚಲು ಕೊಟ್ಟ ಮೇಣ ಎಲ್ಲಿ ಎಂದರೆ, ತಾಯಿ ದಮಯಂತಿ ಅದನ್ನು ರಶೀದಿಯ ಜೊತೆ ಕಪಾಟಿನಲ್ಲಿ ಭದ್ರವಾಗಿ ಬೀಗ ಹಾಕಿ ಇಟ್ಟಿದ್ದಳು. ಹೇಮಾಕ್ಷಿ ಬೀಗ ತೆಗೆಸಿ ಮೇಣ ತರಿಸಿದಳು.

"ಕಡಲೆಯಷ್ಟು ತೆಗೆದು ಉಂಡೆ ಮಾಡು. ತುದಿಯ ಮೇಲೆ ಒತ್ತು. ಮೆಲ್ಲ."

ದೀಕ್ಷಿತಾ ಒತ್ತಿದಳು. ನಾಲಗೆ ಆಡಿಸಿ ನೋಡಿದಳು. "ಈಗ ಚುಚ್ಚುದಿಲ್ಲ," ಎಂದಳು. ಆಮೇಲೆ, "ಅಕ್ಕ, ಇದನ್ನು ಮೊನ್ನೆಯೇ ಹೇಳಬಹುದಿತ್ತಲ್ಲ?"

ಹೇಮಾಕ್ಷಿಗೆ ನಾಚಿಕೆಯಾಯಿತು. ಬೂಬ ಮಾತ್ರ, "ಊಟ ಮಾಡಿದ್ರೆ ನೋಡುವ. ಇಲ್ಲದಿದ್ರೆ ಬರುದು ಬರುದೇ," ಎಂದು ಫೋನಿಟ್ಟ. ಅವಳು ಪುಸ್ತಕ ತೆಗೆದು, ನಾಲ್ಕೂ 'ಕಳಿಸಿದೆ'ಗಳನ್ನು ಹೊಡೆದುಹಾಕಿ 'ತಲುಪಲಿಲ್ಲ' ಎಂದು ಬರೆದಳು.

ಮರುದಿನ ಹತ್ತಕ್ಕೆ ಸರಿಯಾಗಿ ದೀಕ್ಷಿತಾ ಬಂದಾಗ, ಕ್ಲಿಪ್ ತೆಗೆಸಲೆಂದೇ ಬಂದರು ಎಂದುಕೊಂಡಳು ಹೇಮಾಕ್ಷಿ. ಜೊತೆಗೆ ಬಿಸಿಲಿಗೆ ಕಪ್ಪಾದ ಒಬ್ಬ ಗಂಡಸು. ಬಂದರಿನ ದಕ್ಕೆಯಲ್ಲಿ ಬೋಟು ಇಳಿದು ಮನೆಗೆ ಹೋಗಿ, ಮಗಳನ್ನು ಕರೆದುಕೊಂಡು ನೇರ ಬಂದಿದ್ದ.

"ನಾನು ಕಮಲೇಶ್. ಕ್ಲಿಪ್ ತೆಗೆಯುದು ಬೇಡ. ಇವಳು ನಿನ್ನೆ ರಾತ್ರಿಯಿಂದ ಎರಡು ಸಲ ಗಂಜಿ ಉಂಡಿದ್ದಾಳೆ. ತುದಿ ಒಂದು ಕತ್ತರಿಸಿ ಕೊಟ್ರೆ ಸಾಕು."

"ಮೊದಲು ನಿಮ್ಮ ನಂಬರ್ ಪುಸ್ತಕದಿಂದ ತೆಗೀಬೇಕು," ಎಂದು ಹೇಮಾಕ್ಷಿ ಪೆನ್ನು ಎತ್ತಿಕೊಂಡಳು. "ನಾಲ್ಕು ದಿನ ಸುಮ್ಮನೆ ಹೋಯ್ತು."

"ಅದು ಮಾತ್ರ ಬೇಡ ಮೇಡಂ. ತಿರುಗಿ ಬಂದಾಗ ಮನೆಯಲ್ಲಿ ಕೇಳಿದ್ರೆ ಎಲ್ಲಾ ಸರಿ ಉಂಟು ಅಂತ ಮಾತ್ರ ಹೇಳ್ತಾರೆ, ನಡೆದದ್ದು ಎಂತ ಅಂತ ಗೊತ್ತಾಗುದಿಲ್ಲ. ಅದಕ್ಕೇ ಎಲ್ಲ ಕಡೆ ನನ್ನದು ಕೊಡ್ಲಿಕ್ಕೆ ಹೇಳಿದ್ದು. ಬೆಳಿಗ್ಗೆ ರೇಂಜ್ ಸಿಕ್ಕಿದ ಕೂಡ್ಲೇ ನಿಮ್ಮದು ನಾಲ್ಕೂ ಬಂತು. ಮೊದಲ ದಿನ ನೋವು, ಮತ್ತೆ ಗಂಜಿ, ಮತ್ತೆ ಮೇಣ. ಓದುವಾಗ ನಾಲ್ಕು ದಿನ ಇವಳ ಹತ್ತಿರವೇ ಇದ್ದ ಹಾಗೆ ಆಯ್ತು."

ಇನ್ನು ಈ ಒಂದು ಬಾಯಿಗೆ ಎರಡೆರಡು ಮೆಸೇಜು ಎಂದು ಗೊಣಗುತ್ತ ಹೇಮಾಕ್ಷಿ ಅವನ ನಂಬರಿನ ಕೆಳಗೆ ಬೂಬನದನ್ನೂ ಬರೆದುಕೊಂಡಳು. ಆಮೇಲೆ 'ತಲುಪಲಿಲ್ಲ' ಎಂಬ ಆ ನಾಲ್ಕು ಸಾಲುಗಳನ್ನು ಏನು ಮಾಡುವುದೆಂದು ತಿಳಿಯದೆ ಪೆನ್ನು ಹಿಡಿದು ಕೂತಳು.