ಅತ್ತೆಯ ತೂಕ

“ಹಗುರ ಇರ್ಬೇಕು,” ಎಂದರು ಹಲ್ಲಿನ ಡಾಕ್ಟರು.

“ಹಗುರ ಇದ್ದದ್ದು ಮುರಿಯುತ್ತೆ,” ಎಂದ ಅಗ್ನಿಶಾಮಕ ದಳದವನು. “ಹೋದ ವರ್ಷ ನನ್ನ ಸೈಕಲ್ ಫ್ರೇಮು ಕಡಲೆಕಾಯಿ ಸಿಪ್ಪೆ ಹಾಗೆ ಸೀಳಿಹೋಯ್ತು. ಒಂದು ಕೇಜಿ ಜಾಸ್ತಿ ಆಗ್ಲಿ, ಪರವಾಗಿಲ್ಲ. ಬಂಡೆ ಮೇಲಿಂದ ಹಾರಿದಾಗ ನಂಬೋ ಹಾಗಿರ್ಲಿ.”

“ಗುಡ್ಡ ಹತ್ತೋವಾಗ ಆ ಒಂದು ಕೇಜೀನ ನಿಮ್ಮ ಬೆನ್ನಿಗೇ ಕಟ್ತೀನಿ, ಆಗ ಹೇಳಿ!”

ವರ್ಕ್‌ಶಾಪಿನ ತಗಡಿನ ಸೂರು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಪ್ಯಾಕಿಂಗ್ ಪೆಟ್ಟಿಗೆಗಳ ಮೇಲೆ, ಲೇತ್ ಯಂತ್ರದ ಪಕ್ಕದ ಸ್ಟೂಲುಗಳ ಮೇಲೆ, ಜಾಗ ಸಿಗದವರು ಟಯರುಗಳ ಗುಡ್ಡೆಯ ಮೇಲೆ ಕೂತಿದ್ದರು. ಮುಂದಿನ ತಲೆಮಾರಿನ ಎಂಡ್ಯೂರೋ ಸೈಕಲ್ ಹೇಗಿರಬೇಕು ಎಂದು ಕೇಳಲು ಸೈಕಲ್ ಕಂಪನಿಯ ಯಜಮಾನನೇ ತನ್ನ ಗಿರಾಕಿಗಳನ್ನೆಲ್ಲ ಕರೆಸಿದ್ದ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಬುಲ್ಡೋಜರ್ ಎಂದೇ. ಪಂದ್ಯಗಳಲ್ಲಿ ಓಡಿಸುತ್ತಿದ್ದ ಕಾಲದಲ್ಲಿ ಮರ ಅಡ್ಡ ಬಂದರೆ ಮರವೇ ಪಕ್ಕಕ್ಕೆ ಸರಿಯಲಿ ಎನ್ನುವ ಜಾತಿಯವನಾಗಿದ್ದನಂತೆ. ಎಂಡ್ಯೂರೋ ಎಂದರೆ ಹಾಗೆಯೇ: ಗುಡ್ಡವನ್ನು ಸ್ವಂತ ಕಾಲಿನ ಬಲದಲ್ಲಿ ಹತ್ತಬೇಕು, ಇಳಿಯುವಾಗ ಬೇರು, ಬಂಡೆ, ಕೊರಕಲು ಯಾವುದಕ್ಕೂ ಜಗ್ಗದೆ ಗಡಿಯಾರದ ಜೊತೆ ಪೈಪೋಟಿಗೆ ಬಿದ್ದು ಇಳಿಯಬೇಕು.

ಗೋಡೆಯ ಬಿಳಿ ಹಲಗೆಯ ಮೇಲೆ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದವಳು ಆ ಹೊಸ ಸೈಕಲ್ಲಿನ ನಕ್ಷೆ ಬರೆದವಳೇ. ಸೋಮವಾರ ಆ ನಕ್ಷೆ ಫ್ರೇಮಿನ ಅಚ್ಚು ಕೊರೆಯಲು ಹೋಗುವುದಿತ್ತು. ಕೊರೆದ ಮೇಲೆ ಕೂದಲೆಳೆಯಷ್ಟೂ ಬದಲಿಸುವಂತಿಲ್ಲ. ಅವಳ ಕೈ ಬೆರಳುಗಳು ಮಾರ್ಕರ್ ಪೆನ್ನಿನ ಮಸಿಯಿಂದ ನೀಲಿಯಾಗಿದ್ದವು. ಒಬ್ಬರಿಗೆ ಚೈನಿನ ಕಟಕಟ ಸದ್ದು ಬೇಡ, ಇನ್ನೊಬ್ಬರಿಗೆ ಫ್ರೇಮಿನೊಳಗೇ ಸ್ಪ್ಯಾನರ್ ಇಡಲು ಜಾಗ ಬೇಕು, ಮತ್ತೊಬ್ಬರಿಗೆ ಬೇರಿಂಗ್ ಬದಲಿಸಲು ಅಂಗಡಿಗೆ ಹೋಗುವ ಗೋಳು ತಪ್ಪಬೇಕು. ಹುಚ್ಚರ ಸಂತೆ ಎಂದುಕೊಂಡಳು. ಆದರೆ ತನ್ನವರೇ ಆದ ಹುಚ್ಚರು. ಅವಳಿಗೆ ಕುಣಿಯಬೇಕೆನ್ನಿಸುವಷ್ಟು ಖುಷಿಯಾಗಿತ್ತು.

ಆಗ ಬಾಗಿಲು ದಡಾರನೆ ತೆರೆಯಿತು. ಮೊಣಕಾಲಿನ ಕವಚಕ್ಕೆ ಕೆಸರು ಮೆತ್ತಿಕೊಂಡು, ಹೆಲ್ಮೆಟ್ಟನ್ನು ಬುಟ್ಟಿಯ ಹಾಗೆ ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದವರು ಅವಳ ಅತ್ತೆ.

“ಗುಡ್ಡದಿಂದ ನೇರವಾಗಿ ಬಂದೆ. ತಡ ಆಯ್ತಾ?”

ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಕೆಲಸದಲ್ಲಿದ್ದಷ್ಟು ಕಾಲ ಊರ ಬಸ್ಸು ಓಡಿಸಿದವರು. ನಿವೃತ್ತರಾದ ವಾರವೇ ಸೈಕಲ್ ಕೊಂಡಿದ್ದರು. “ಪ್ರಯಾಣಿಕರಿಗೋಸ್ಕರ ಜನ್ಮವೆಲ್ಲ ನಿಧಾನ ಓಡಿಸಿದ್ದಾಯ್ತು,” ಎಂದು ಮನೆಯಲ್ಲಿ ಸಾರಿದ್ದರು. ಮೊದಮೊದಲು ಅದನ್ನು ವಯಸ್ಸಾದವರ ಖಯಾಲಿ ಎಂದುಕೊಂಡ ಮನೆಯವರು ಈಗ ಆ ವಿಷಯವನ್ನೇ ಎತ್ತುತ್ತಿರಲಿಲ್ಲ.

“ಅಮ್ಮಾವ್ರೇ, ಇದು ಮುಂದಿನ ತಲೆಮಾರಿನ ಸೈಕಲ್ಲು,” ಎಂದ ಬುಲ್ಡೋಜರ್, ನಗುತ್ತ.

“ಹಿಂದಿನ ತಲೆಮಾರು ಅದನ್ನ ಹತ್ತಬಾರದು ಅಂತ ಬರೆದಿದೀರಾ? ನಾನೂ ದುಡ್ಡು ಕೊಟ್ಟ ಗಿರಾಕೀನೇ.” ಅತ್ತೆ ಒಂದು ಪೆಟ್ಟಿಗೆಯ ಮೇಲೆ ಕೂತರು. “ನಿಮ್ಮ ಸೈಕಲ್ಲಿನ ಹಿಂದಿನ ಶಾಕ್ ಅಬ್ಸಾರ್ಬರ್ ಇದೆಯಲ್ಲ, ಅದು ನನ್ನನ್ನ ಕ್ಯಾರೇ ಅನ್ನಲ್ಲ. ನಾನು ನಲವತ್ತೆಂಟು ಕೇಜಿ. ನಿಮ್ಮಂಥವರು ಕೂತ್ರೆ ಅದು ಬಗ್ಗಿ ನಮಸ್ಕಾರ ಮಾಡುತ್ತೆ, ನಾನು ಕೂತ್ರೆ ಮುಖ ತಿರುಗಿಸಿಕೊಳ್ಳುತ್ತೆ.”

“ಶಾಕಿನ ಗಾಳಿ ಕಡಿಮೆ ಮಾಡಿ ನೋಡಿ,” ಎಂದರು ಹಲ್ಲಿನ ಡಾಕ್ಟರು.

“ಮಾಡಿದೀನಿ. ಮೊದಲು ಸೋಫಾ, ಆಮೇಲೆ ಕಲ್ಲುಬೆಂಚು. ಮಧ್ಯದಲ್ಲಿ ಏನೂ ಇಲ್ಲ.”

ನಗು ಮತ್ತೆ ಎದ್ದಿತು. ಆದರೆ ಮೂಲೆಯಲ್ಲಿದ್ದ ಸಣಕಲು ಹುಡುಗಿಯೊಬ್ಬಳು ಕೈ ಎತ್ತಿ, “ನಂಗೂ ಹಾಗೇ ಆಗುತ್ತೆ, ನನ್ನದೇ ತಪ್ಪು ಅಂದ್ಕೊಂಡಿದ್ದೆ,” ಎಂದಳು. ಅವಳ ಪಕ್ಕದ ಕುಳ್ಳ ಮೇಷ್ಟರೂ ತಲೆಯಾಡಿಸಿದರು.

ಸೊಸೆ ಪೆನ್ನಿನ ಮುಚ್ಚಳ ಹಾಕಿದಳು. ಶಾಕನ್ನು ಫ್ರೇಮಿಗೆ ಜೋಡಿಸುವ ಲಿಂಕ್ ಎಂಬ ಬೆರಳುದ್ದದ ತುಂಡಿಗೆ ಅವಳು ಹಿಂದೊಮ್ಮೆ ಎರಡನೆಯ ತೂತೊಂದನ್ನು ಬರೆದಿದ್ದಳು. ಬೋಲ್ಟನ್ನು ಅಲ್ಲಿಗೆ ಹಾಕಿದರೆ ಸನ್ನೆಕೋಲಿನ ಹಿಡಿತ ಬದಲಾಗಿ, ಕಡಿಮೆ ತೂಕಕ್ಕೂ ಶಾಕ್ ಪೂರ್ತಿ ಮಣಿಯುತ್ತಿತ್ತು. ಅದಕ್ಕೆ ಫ್ರೇಮಿನ ಸಂದು ಉಗುರಿನಷ್ಟು ಅಗಲವಾಗಬೇಕಿತ್ತು, ಅಷ್ಟೆ. “ಯಾರಿಗೋಸ್ಕರ?” ಎಂದು ಬುಲ್ಡೋಜರ್ ಕೇಳಿದ್ದ. ಅವಳಿಗೆ ಉತ್ತರ ಹೊಳೆದಿರಲಿಲ್ಲ. ಉತ್ತರ ದಿನಾ ಬೆಳಿಗ್ಗೆ ಅವಳೆದುರೇ ಕೂತು, ಅಂಗೈಗೆ ಪಟ್ಟಿ ಸುತ್ತಿಕೊಳ್ಳುತ್ತ ಪೇಪರ್ ಓದುತ್ತಿತ್ತು.

“ನಾನು ಬರೆದಿದ್ದೆ,” ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. “ಎರಡನೇ ತೂತು. ಇವರಿಗೋಸ್ಕರ. ಮತ್ತೆ ಹಾಕೋಣ.”

“ಸೋಮವಾರ ಅಚ್ಚು! ಈಗ ಹೇಳ್ತೀಯಲ್ಲ?”

“ಭಾನುವಾರ ಇನ್ನೂ ಬಂದಿಲ್ಲ.”

ಬುಲ್ಡೋಜರ್ ಗಡ್ಡ ಕೆರೆದುಕೊಂಡ. ಪಂದ್ಯ ಎಂದರೆ ಅವನಿಗೆ ಯಾವತ್ತೂ ಬಾಯಲ್ಲಿ ನೀರು. “ಸರಿ. ಪರೀಕ್ಷೆಗೆ ಮಾಡಿದ ಫ್ರೇಮ್ ಇದೆ. ಅದರ ಲಿಂಕಿಗೆ ನಿನ್ನ ತೂತು ಕೊರಿ. ಅಮ್ಮಾವ್ರು ಭಾನುವಾರ ಅದರಲ್ಲಿ ಇಳೀಲಿ. ಹಳೇ ಸೈಕಲ್ಲಿಗಿಂತ ಬೇಗ ಇಳಿದ್ರೆ ಅಚ್ಚು ಬದಲಾಯಿಸ್ತೀನಿ. ಇಲ್ಲಾಂದ್ರೆ ಈ ಮಾತು ಇಲ್ಲಿಗೇ ಬಿಡಬೇಕು.”

“ಆಯ್ತು, ಪಂದ್ಯ ಒಪ್ಪಿದೆ,” ಎಂದರು ಅತ್ತೆ.

ಶನಿವಾರವೆಲ್ಲ ಅವಳು ಯಂತ್ರದ ಮುಂದೆ ನಿಂತಳು. ಅಲ್ಯೂಮಿನಿಯಂ ಚೂರುಗಳು ಕೂದಲಲ್ಲಿ ಸಿಕ್ಕಿಕೊಂಡವು. ಸಂದನ್ನು ಅರದಿಂದ ಉಜ್ಜಿ, ಅಳೆದು, ಮತ್ತೆ ಉಜ್ಜಿದಳು. “ನಮ್ಮಮ್ಮನ ಸೊಂಟ ಮುರಿದ್ರೆ ನೀನೇ ಎತ್ತಿ ಕೂರಿಸ್ಬೇಕು, ನೋಡ್ಕೋ,” ಎಂದು ಗಂಡ ಫೋನಿನಲ್ಲಿ ರೇಗಿಸಿದ. ಹಿಂದಿನಿಂದ ಅತ್ತೆಯ ದನಿ ಕೇಳಿತು: “ಅವಳ ಕೈ ಅಲ್ಲಾಡಿಸಬೇಡ, ಫೋನ್ ಇಡು!”

ಭಾನುವಾರ ಬೆಳಿಗ್ಗೆ ಗುಡ್ಡದ ತುದಿಯಲ್ಲಿ ಗಾಳಿ ತಣ್ಣಗಿತ್ತು. ಬುಲ್ಡೋಜರ್ ಗಡಿಯಾರ ಹಿಡಿದು ಕೆಳಗೆ ನಿಂತಿದ್ದ. ಅತ್ತೆ ಹೊಸ ಸೈಕಲ್ಲಿನ ಮೇಲೆ ಕೂತು, ಒಮ್ಮೆ ಕೆಳಕ್ಕೆ ಒತ್ತಿ ನೋಡಿದರು. ಸೀಟು ಮೆಲ್ಲಗೆ ಇಳಿದು ಮೆಲ್ಲಗೆ ಏರಿತು. ಅತ್ತೆಯ ಹುಬ್ಬು ಮೇಲಕ್ಕೇರಿತು.

“ನೀನೂ ಬಾ,” ಎಂದರು. “ನನ್ನ ಹಿಂದೆ.”

ಫೋನಿನಲ್ಲಿ ಬುಲ್ಡೋಜರ್ “ಹೊರಡಿ!” ಎಂದು ಕೂಗಿದ್ದೇ ತಡ, ಅತ್ತೆ ಮರಗಳ ನಡುವೆ ನುಗ್ಗಿದರು. ಸೊಸೆ ತನ್ನ ಸೈಕಲ್ಲಿನಲ್ಲಿ ಬೆನ್ನ ಹಿಂದೆಯೇ ಹೊರಟಳು. ಒಂದೇ ಮನೆಯಲ್ಲಿದ್ದೂ ಅತ್ತೆ ಓಡಿಸುವುದನ್ನು ಇಷ್ಟು ಹತ್ತಿರದಿಂದ ಅವಳು ನೋಡಿಯೇ ಇರಲಿಲ್ಲ. ಬೇರುಗಳ ಮೇಲೆ ಹಿಂದಿನ ಚಕ್ರ ಏರಿ ಇಳಿಯುತ್ತಿತ್ತು, ಮೇಲೆ ಕೂತ ಮೈ ಮಾತ್ರ ನೀರಿನಲ್ಲಿ ತೇಲುವಂತೆ ಅಲುಗದೆ ಹೋಗುತ್ತಿತ್ತು. ತಿರುವಿನಲ್ಲಿ ಮಣ್ಣು ಸಿಡಿದು ಅವಳ ಹಲ್ಲಿಗೆ ಬಡಿಯಿತು. ಮುಂದೆ ಬಂಡೆಗಳ ಮೆಟ್ಟಿಲು. ಅಲ್ಲಿ ಹಳೆಯ ಸೈಕಲ್ ಅತ್ತೆಯನ್ನು ಕುದುರೆ ಒದ್ದಂತೆ ಎತ್ತಿ ಒಗೆಯುತ್ತಿತ್ತಂತೆ. ಅತ್ತೆ ಬ್ರೇಕ್ ಮುಟ್ಟಲಿಲ್ಲ. ಒಂದು, ಎರಡು, ಮೂರು ಮೆಟ್ಟಿಲು, ಸೈಕಲ್ ಒಂದೊಂದನ್ನೂ ನುಂಗಿಕೊಂಡಿತು. ಕೊನೆಯದರಿಂದ ಗಾಳಿಗೆ ಹಾರಿ, ನೆಲ ಮುಟ್ಟುವಾಗ ಅತ್ತೆಯ ಗಂಟಲಿನಿಂದ “ಹೋ!” ಎಂದೊಂದು ಕೇಕೆ ಹೊರಟಿತು. ಸೊಸೆಯ ಬಾಯಿಂದಲೂ ಅಂಥದೇ ಒಂದು ಹೊರಟಿತು.

ಸ್ವಲ್ಪ ಮುಂದೆ ಹೋಗಿ ಅತ್ತೆ ಗಕ್ಕನೆ ನಿಂತರು. ಸೈಕಲ್ ತಿರುಗಿಸಿದರು. ಇಳಿದು, ಅದನ್ನು ತಳ್ಳುತ್ತ ಮೇಲಕ್ಕೆ ಬರತೊಡಗಿದರು.

“ಅತ್ತೆ, ಏನ್ ಮಾಡ್ತಿದೀರ? ಗಡಿಯಾರ ಓಡ್ತಿದೆ!”

“ಓಡ್ಲಿ ಬಿಡು. ಆ ಮೆಟ್ಟಿಲು ಇನ್ನೊಂದ್ಸಲ ಆಗ್ಬೇಕು ನಂಗೆ.”

“ಪಂದ್ಯ ಹೋಗುತ್ತೆ!”

ಅತ್ತೆ ಕೇಳಿಸಿಕೊಳ್ಳಲಿಲ್ಲ. ಸೊಸೆಗೆ ಅಳಬೇಕೋ ನಗಬೇಕೋ ತಿಳಿಯದಾಯಿತು. ಸೋಮವಾರದ ಅಚ್ಚು, ಶನಿವಾರದ ದುಡಿಮೆ ಎಲ್ಲ ಕಣ್ಣ ಮುಂದೆಯೇ ಕೈಜಾರುತ್ತಿತ್ತು. ಆದರೆ ಅತ್ತೆಯ ಮುಖ ಮಗುವಿನ ಹಾಗೆ ಅರಳಿತ್ತು. ತನ್ನ ಸೈಕಲ್ಲನ್ನು ಮರಕ್ಕೆ ಒರಗಿಸಿ, ಅತ್ತೆಯ ಸೈಕಲ್ಲಿನ ಸೀಟಿಗೆ ಕೈ ಕೊಟ್ಟು ತಳ್ಳಿದಳು.

ಎರಡನೆಯ ಸಲ ಇಳಿದು, ಮೂರನೆಯ ಸಲಕ್ಕೆ ಹತ್ತುವಾಗ ಕೆಳಗಿನಿಂದ ಯಾರೋ ಏದುಸಿರು ಬಿಡುತ್ತ ಓಡಿಬರುವ ಸದ್ದಾಯಿತು. ಬುಲ್ಡೋಜರ್! ಮುಖ ಸುಣ್ಣದಂತೆ ಬಿಳಿಚಿತ್ತು.

“ಯಾರು ಬಿದ್ರು? ಆಗಿಂದ ಕೂಗಾಟ ಕೇಳ್ತಿದೆ!”

“ಯಾರೂ ಬಿದ್ದಿಲ್ಲಪ್ಪ,” ಎಂದರು ಅತ್ತೆ. “ದಾರಿಯಿಂದ ಸ್ವಲ್ಪ ಸರೀರಿ.”

ಬುಲ್ಡೋಜರ್ ಅತ್ತೆಯನ್ನು ನೋಡಿದ, ಸೊಸೆಯನ್ನು ನೋಡಿದ. ಮೆಟ್ಟಿಲುಗಳ ಮೇಲಿನ ಹೊಸ ಟಯರು ಗುರುತುಗಳನ್ನು ನೋಡಿದ. ಮೊಣಕಾಲಿಗೆ ಕೈಯೂರಿ ಬಗ್ಗಿ, ಉಸಿರು ಸಿಗುವ ತನಕ ನಕ್ಕ.

“ಸೋತಿರಲ್ಲ ಅಮ್ಮಾವ್ರೇ.”

“ಹೌದಾ? ಸೋಲೋಣ ಬಿಡಿ,” ಎಂದು ಅತ್ತೆ ಸೈಕಲ್ ತಳ್ಳಿಕೊಂಡು ಮೇಲಕ್ಕೆ ಹೋದರು.

ಅವನು ಸೊಸೆಯ ಕಡೆ ತಿರುಗಿದ. “ನಾಳೆ ಅಚ್ಚಿಗೆ ಹೋಗೋ ಮೊದಲು ಸಂದು ಅಗಲ ಮಾಡಿ ಕೊಡು. ಎರಡೂ ತೂತಿರ್ಲಿ.”

ಅವಳು ಉತ್ತರಿಸುವಷ್ಟರಲ್ಲಿ ಮೇಲಿನಿಂದ “ಹೋ!” ಎಂದು ಕೇಳಿತು. ಇಬ್ಬರೂ ಎರಡು ಪಕ್ಕಕ್ಕೆ ಜಿಗಿದರು. ಅತ್ತೆ ಅವರ ನಡುವಿನಿಂದ ಹಾದು, ತಿರುವಿನಲ್ಲಿ ಮರೆಯಾದರು. ಅವರು ಎಬ್ಬಿಸಿದ ಧೂಳು ಮರಗಳ ಸಂದಿಯ ಬಿಸಿಲಿನಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗಿ, ಬಹಳ ಹೊತ್ತು ಅಲ್ಲೇ ನಿಂತಿತ್ತು.