ಬಿಸಿಲಿಗೆ ಇಟ್ಟ ಏಡಿ

ಹೊಸ ಅಳಿಯ ಮೊದಲ ಯುಗಾದಿಗೆ ಬಂದು ಒಮ್ಮೆಯಾದರೂ ಮುನಿಸಿಕೊಳ್ಳದೆ ಹೋದರೆ, ಹನೂರು ದಾಟಿ ಕಾಡಿನ ಮಗ್ಗುಲಿಗಿರುವ ಆ ಊರಿನಲ್ಲಿ, ಹುಡುಗನಲ್ಲೇ ಏನೋ ಐಬಿದೆ ಎಂದು ಜನ ತಿಳಿಯುತ್ತಿದ್ದರು. ಮುನಿಸಿಗೂ ಒಂದು ಪದ್ಧತಿಯಿತ್ತು. ಅಳಿಯ ಗೋಡೆಯ ಕಡೆ ಮುಖ ಮಾಡಿ ಮಲಗಬೇಕು. ಅತ್ತೆ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯಬೇಕು. ಅವನು ಹಸಿವಿಲ್ಲ ಅನ್ನಬೇಕು. ಆಮೇಲೆ ಯಾರಾದರೂ ಹಿರಿಯರು ಒಳಗೆ ಹೋಗಿ, ಕೆಮ್ಮಿ, ಮಂಚದ ತುದಿಯಲ್ಲಿ ಕೂತು, ಅವನ ಮನಸ್ಸಿನಲ್ಲಿರುವುದು ಉಂಗುರವೋ ಬೈಕೋ ಎಂದು ಪತ್ತೆ ಹಚ್ಚಬೇಕು. ಮಾರನೆಯ ದಿನ ಹೊಸತೊಡಕಿನ ಬಾಡೂಟದ ಹೊತ್ತಿಗೆ ಕೇಳಿದ್ದರಲ್ಲಿ ಅರ್ಧವಾದರೂ ಒದಗಿಸಿದರೆ ಅಳಿಯ ಎದ್ದು ಬಂದು ಎಲೆಯ ಮುಂದೆ ಕೂರುತ್ತಾನೆ. ಜಡೇಸ್ವಾಮಿಯ ಅಳಿಯ ಬೈಕಿಗಾಗಿ ಮುನಿದು ಮಲಗಿದ್ದ ಮಂಚವನ್ನು ಆ ಮನೆಯವರು ಈಗಲೂ ನೆಂಟರಿಗೆ ತೋರಿಸುತ್ತಾರೆ.

ಹೀಗಾಗಿ ಕೆಂಚಯ್ಯನ ಹೊಸ ಅಳಿಯ ಉದಯಕುಮಾರ ಯುಗಾದಿಯ ಬೆಳಿಗ್ಗೆ ಒಬ್ಬಟ್ಟು ಬೇಡ ಅಂದಾಗ ಮನೆಯಲ್ಲಿ ಯಾರೂ ಬೆಚ್ಚಲಿಲ್ಲ. ಅತ್ತೆ ಚೆಲುವಮ್ಮನಿಗೆ ಒಂದು ಬಗೆಯ ನೆಮ್ಮದಿಯೇ ಆಯಿತು.

"ಸದ್ಯ, ನಮ್ಮ ಅಳಿಯಂದ್ರೂ ಎಲ್ಲಾರಂಗೇ ಅವ್ರೆ," ಅಂದಳು.

ಅವನು ಯಾಕೆ ಮಲಗಿದ್ದಾನೆಂಬುದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ಅವನ ಹೆಂಡತಿ ಪುಷ್ಪ. ಯಾರಿಗೂ ಹೇಳಬಾರದೆಂದು ಅವನು ಅವಳಿಂದ ಆಣೆ ಮಾಡಿಸಿಕೊಂಡಿದ್ದ. ಇನ್ನೊಬ್ಬಳು ಪುಷ್ಪಳ ತಂಗಿ ರೂಪ. ಅವಳ ಹತ್ತಿರ ಯಾರೂ ಆಣೆ ಮಾಡಿಸಿಕೊಂಡಿರಲಿಲ್ಲ, ಯಾಕೆಂದರೆ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಾಳೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

ರೂಪ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಟ್ಟ ವರ್ಷ ಕೆಂಚಯ್ಯ ಒಂದು ಹೆಣ್ಣುಕರುವನ್ನು ಅವಳ ಕೈಗೆ ಕೊಟ್ಟು, "ಇದು ನಿಂದೇ ಕನವ್ವ, ಸಾಕೋ," ಅಂದಿದ್ದ. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಆ ಕರು ಚುಕ್ಕಿ ಈಗ ಗಬ್ಬದ ಕಡಸು. ರೂಪ ಚುಕ್ಕಿಯ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಮನುಷ್ಯರ ಎದುರು ಬಾಯಿ ಒಣಗುತ್ತಿತ್ತು. ಅಕ್ಕನ ಮದುವೆಯಾಗಿ ಭಾವ ಮನೆಗೆ ಬಂದು ಹೋಗಿ ಮಾಡುತ್ತಿದ್ದರೂ ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಆದರೆ ಅವನ ಪ್ಯಾಂಟಿನ ಎಡಜೇಬಿನ ಹೊಲಿಗೆ ಬಿಟ್ಟಿರುವುದು ಕೂಡ ಅವಳಿಗೆ ಗೊತ್ತಿತ್ತು.

ಉದಯಕುಮಾರ ಯಳಂದೂರಿನವನು, ಕೊಳ್ಳೇಗಾಲದ ಒಂದು ಫೈನಾನ್ಸಿನಲ್ಲಿ ಕಂಪ್ಯೂಟರ್ ಆಪರೇಟರ್. ಹಬ್ಬದ ಹಿಂದಿನ ಸಂಜೆ ಅವನು ಹಣ್ಣಿನ ಚೀಲದ ಜೊತೆ ಒಂದು ಕಪ್ಪು ಪೆಟ್ಟಿಗೆಯನ್ನೂ ತಂದು ಟೀವಿಗೆ ಸಿಕ್ಕಿಸಿದ್ದ. "ಆಫೀಸ್ ಮಿಷಿನ್ನು ಮಾವ," ಅಂದಿದ್ದ. ಆಮೇಲೆ ವೈರೇ ಇಲ್ಲದ, ಎರಡು ಕೊಂಬಿನ ಒಂದು ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ಕೂತರೆ ಟೀವಿಯೊಳಗೆ ಕಾರುಗಳು ಒಂದೇ ಸಮ ಓಡಿದವು. ಅಜ್ಜಿ ಚಿಕ್ಕನಿಂಗಮ್ಮ ಅದಕ್ಕೆ ಏಡಿ ಎಂದು ಹೆಸರಿಟ್ಟಿತು.

"ಆಫೀಸ್ನಲ್ಲಿ ಇಷ್ಟೊಂದು ಕಾರ್ ಓಡುಸ್ಬೇಕಾ ಮೊಗ?"

"ಟ್ರೈನಿಂಗು ಅಜ್ಜಿ."

"ಕೆಳೀಕ್ ಬೀಳ್ದಂಗೆ ಓಡ್ಸಪ್ಪ."

ಹಬ್ಬದ ಬೆಳಿಗ್ಗೆ ಬೇವುಬೆಲ್ಲ ಬಾಯಿಗೆ ಹಾಕಿಕೊಂಡೇ ಅವನು ಮತ್ತೆ ಟ್ರೈನಿಂಗಿಗೆ ಕೂತ. ಕಾರು ಇನ್ನೇನು ಎಲ್ಲರನ್ನೂ ಹಿಂದೆ ಹಾಕಬೇಕು, ಏಡಿಯ ಹೊಟ್ಟೆಯಲ್ಲಿದ್ದ ಪುಟ್ಟ ದೀಪ ಮಿಣಮಿಣ ಅಂದು ಆರಿತು. ಕಾರು ನೆಟ್ಟಗೆ ಹೋಗಿ ಗೋಡೆಗೆ ಬಡಿಯಿತು. ಅವನು ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದ. ಚಾರ್ಜ್ ಮಾಡುವ ವೈರು ಯಳಂದೂರಿನಲ್ಲೇ ಉಳಿದಿತ್ತು. ಪುಷ್ಪ ಕಿಸಕ್ಕೆಂದಳು. ಅವನು ಗೋಡೆಯ ಕಡೆ ತಿರುಗಿದ.

ಮೀಸೆ ಬಿಟ್ಟ ಗಂಡಸು, ಸಂಬಳ ತರುವವನು, ಆಟದ ಸಾಮಾನಿಗಾಗಿ ಒಬ್ಬಟ್ಟು ಬಿಡುತ್ತಾನೆಂಬುದು ಆ ಮನೆಯಲ್ಲಿ ಯಾರ ತಲೆಗೂ ಹೊಳೆಯುವಂತಿರಲಿಲ್ಲ. ಹೇಳಲು ಅವನಿಗೂ ನಾಚಿಕೆ. ಹಾಗಾಗಿ ಅವನು ಗುಟ್ಟಾಗಿ ದಾರಿ ಹುಡುಕತೊಡಗಿದ. ಹುಡುಕಿದ ಒಂದೊಂದು ದಾರಿಯನ್ನೂ ಮನೆಯವರು ಒಂದೊಂದು ಬೇಡಿಕೆ ಎಂದು ಓದಿಕೊಂಡರು.

ಮೊದಲು ಪುಷ್ಪಳ ಫೋನಿನ ಚಾರ್ಜರ್ ಹಿಡಿದು ಕೋಣೆಯಿಂದ ಕೋಣೆಗೆ ಹೋದ. ಅದರ ಬಾಯಿ ದಪ್ಪ, ಏಡಿಯ ತೂತು ತೆಳು. ತಿರುಗಿಸಿ ನೋಡಿದ, ಒತ್ತಿ ನೋಡಿದ, ತಪ್ಪು ಪ್ಲಗ್ಗಿನದೇ ಇರಬೇಕೆಂದು ಇನ್ನೊಂದು ಗೋಡೆಗೆ ಹೋದ. ಚೆಲುವಮ್ಮನ ಅಣ್ಣ ಮಾದಣ್ಣ ಹಜಾರದಲ್ಲಿ ಕೂತು ಇದನ್ನು ಕಂಡ. ಮಾದಣ್ಣ ಒಮ್ಮೆ ಪಂಚಾಯಿತಿ ಮೆಂಬರಾಗಿದ್ದವನು. ಅಲ್ಲಿಂದಾಚೆಗೆ ಅವನು ಯಾವುದನ್ನೂ ಸುಮ್ಮನೆ ನೋಡುತ್ತಿರಲಿಲ್ಲ.

"ಕೆಂಚಯ್ಯ, ಗೋಡೆ ಗೋಡೆ ಮುಟ್ಟಿ ನೋಡ್ತಾವ್ರೆ ಕಣೋ. ಮನೇಲಿ ಭಾಗ ಕೇಳ್ತಾರೆ."

"ಸುಮ್ಕಿರು ಮಾರಾಯ," ಅಂದ ಕೆಂಚಯ್ಯ. ಆದರೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ.

ಅಷ್ಟರಲ್ಲಿ ಕರೆಂಟೂ ಹೋಯಿತು. ಉದಯಕುಮಾರ ಹಿತ್ತಲಿಗೆ ಹೋಗಿ ಟ್ರ್ಯಾಕ್ಟರ್ ಹತ್ತಿದ. ಅಲ್ಲಿ ಮೂರು ಬಾಯಿಯ ಒಂದು ಚಾರ್ಜರ್ ವೈರು ನೇತಾಡುತ್ತಿತ್ತು. ತೆಳು ಬಾಯಿಯದನ್ನು ಇಲಿ ಕಡಿದಿತ್ತು. ಆದರೂ ಒಂದು ಕಡೆಗೆ ಬಗ್ಗಿಸಿ ಒತ್ತಿ ಹಿಡಿದರೆ ಏಡಿಯ ದೀಪ ಹತ್ತುತ್ತಿತ್ತು, ಉಸಿರು ಬಿಟ್ಟರೆ ಆರುತ್ತಿತ್ತು. ಅವನು ಏಡಿಯನ್ನು ಎದೆಗೂ ಸ್ಟೇರಿಂಗಿಗೂ ನಡುವೆ ಇಟ್ಟು, ಸ್ಟೇರಿಂಗನ್ನು ಎರಡೂ ತೋಳಿನಲ್ಲಿ ಬಳಸಿ, ಕಣ್ಣುಮುಚ್ಚಿ ಅಲುಗದೆ ಕೂತ. ಹಿತ್ತಲ ಬಾಗಿಲಿನಿಂದ ನೋಡಿದವರಿಗೆ ಕಂಡದ್ದು ತಬ್ಬಿಕೊಂಡ ಅಳಿಯ ಮತ್ತು ತಬ್ಬಿಸಿಕೊಂಡ ಟ್ರ್ಯಾಕ್ಟರ್.

"ಮುಗೀತು," ಅಂದ ಮಾದಣ್ಣ. "ಮನೆ ಅಲ್ಲ ಕಣೋ, ಟ್ರ್ಯಾಕ್ಟ್ರು."

ಕೆಂಚಯ್ಯ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಾದಣ್ಣ ಪದ್ಧತಿಯ ಪ್ರಕಾರ ಕೆಮ್ಮುತ್ತಾ ಟ್ರ್ಯಾಕ್ಟರಿನ ಹತ್ತಿರ ಹೋದಾಗ ಉದಯಕುಮಾರ ಹೆದರಿ ಕೈಬಿಟ್ಟ. ವೈರು ಕಿತ್ತು ಬಂತು.

"ಟ್ರ್ಯಾಕ್ಟ್ರು ಎಂಗದೆ ಅಳಿಯಂದ್ರೆ?"

"ಚೆನ್ನಾಗದೆ ಮಾವ."

ಆ ಒಂದು ಮಾತು ಸಾಕಾಯಿತು.

ಹಳೆಯ ಕಾಲದಲ್ಲಿ ಉದಯಕುಮಾರನ ಅಪ್ಪ ರೇಡಿಯೋದ ಸೆಲ್ಲು ಸತ್ತಾಗ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದ. ಇನ್ನೊಂದು ವಾರ್ತೆಯಾದರೂ ಕೇಳಿಸುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದುದು ಅವನಿಗೆ ನೆನಪಾಯಿತು. ಏಡಿಯನ್ನು ತಾರಸಿಗೆ ಒಯ್ದು, ಒಣಗಲು ಹರಡಿದ್ದ ಮೆಣಸಿನಕಾಯಿಯ ಪಕ್ಕದಲ್ಲಿಟ್ಟ. ಅಜ್ಜಿ ಹೊತ್ತಿಗೊಮ್ಮೆ ಮೆಣಸಿನಕಾಯಿ ತಿರುವಿಹಾಕುವಾಗ, ಒಂದೇ ಕಡೆ ಒಣಗಬಾರದೆಂದು ಏಡಿಯನ್ನೂ ಮಗುಚಿ ಹಾಕಿತು, ನಡುವೆ ಎಳೆದುಕೊಂಡು ಮೇಲೊಂದಿಷ್ಟು ಮೆಣಸಿನಕಾಯಿಯನ್ನೂ ಹರಡಿತು. ಮಧ್ಯಾಹ್ನ ಅವನು ಅದನ್ನು ತೆಗೆದು ಗುಂಡಿ ಒತ್ತಿ ನೋಡಿದ. ದೀಪ ಒಂದು ಸಲ ಮಿಣಕ್ ಅಂದಿತು. ಸಂತೋಷಕ್ಕೆ ಕಣ್ಣುಜ್ಜಿಕೊಂಡ.

ಆಮೇಲೆ ಅವನು ಮೆಟ್ಟಿಲಿಳಿದು ಬಂದ ರೀತಿಯನ್ನು ಕಂಡು ಚೆಲುವಮ್ಮ ಎದೆ ಹಿಡಿದುಕೊಂಡಳು. ಎರಡು ಕಣ್ಣಿನಿಂದಲೂ ನೀರು ಸುರಿಯುತ್ತಿತ್ತು. ಮೂಗು ಕೆಂಪಾಗಿತ್ತು.

"ಅಳ್ತಾವ್ರೆ! ಗಂಡಸ್ರು ಅಳೋವಂಗ್ ಮಾಡ್ಬುಟ್ರಲ್ಲ!" ಎಂದು ಗಂಡನ ಮೇಲೆ ಹರಿಹಾಯ್ದಳು.

ಜಡೇಸ್ವಾಮಿಯ ಅಳಿಯ ಬರೀ ಮಲಗಿದ್ದ, ಅತ್ತಿರಲಿಲ್ಲ. ಇದು ಊರಿನಲ್ಲೇ ಮೊದಲು. ಹಜಾರದಲ್ಲಿ ಆಗಲೇ ಮಾತುಕತೆಯಾಯಿತು. ಟ್ರ್ಯಾಕ್ಟರ್ ಬಾಯಿಗೆ ಬರುವ ಮೊದಲು ಉಂಗುರ ಬೆರಳಿಗೆ ಹೋಗಿಬಿಡಬೇಕು ಎಂದು ಮಾದಣ್ಣ ತೀರ್ಮಾನ ಕೊಟ್ಟ. ಉಂಗುರಕ್ಕೆ ಏನು ಮಾಡುವುದು?

"ಕಡಸು ಅದೆಯಲ್ಲ," ಅಂದ ಕೆಂಚಯ್ಯ, ಯಾರ ಮುಖವನ್ನೂ ನೋಡದೆ. "ಬೆಳಿಗ್ಗೆ ಚಿಕ್ಕಮಾದಪ್ಪನ್ನ ಬರೇಳ್ತೀನಿ."

ಚಿಕ್ಕಮಾದಪ್ಪ ದನದ ದಲ್ಲಾಳಿ. ಬಾಗಿಲ ಹಿಂದೆ ರೂಪಳ ಕೈಯಿಂದ ಸೌಟು ಜಾರಿತು. ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ. ನಿಜ ಏನೆಂದು ಅವಳು ಆಗಲೇ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಮಾದಣ್ಣ, "ನೀರ್ ತಕಬಾ ಮಗ," ಅಂದ. ನೀರು ತಂದುಕೊಟ್ಟಳು.

ಹೊಸತೊಡಕಿನ ಬೆಳಿಗ್ಗೆ ಏಡಿ ಮತ್ತೆ ತಾರಸಿಯ ಮೇಲಿತ್ತು. ಮೆಣಸಿನಕಾಯಿಗೆ ಕೈಯಾಡಿಸಲು ಹೋದ ರೂಪ ಅದನ್ನು ಮೊದಲ ಬಾರಿ ಹತ್ತಿರದಿಂದ ಕಂಡಳು. ನೆತ್ತಿಯಲ್ಲಿ ಒಂದು ತೆಳು ತೂತು. ಅಂಥದೇ ತೂತು ರಾತ್ರಿ ಹೊಲಕ್ಕೆ ಹಂದಿ ನುಗ್ಗದಂತೆ ಕಾಯುವ ಟಾರ್ಚಿನಲ್ಲೂ ಇತ್ತು. ಟಾರ್ಚಿಗಾಗಿ ಕೊಟ್ಟಿಗೆಯ ಮೇಲೆ ಒಂದು ಪುಟ್ಟ ಸೋಲಾರ್ ತಟ್ಟೆ ಕಟ್ಟಿ, ಅದರ ವೈರನ್ನು ಚುಕ್ಕಿಯ ಗೋದಲಿಯವರೆಗೆ ಇಳಿಬಿಟ್ಟಿದ್ದರು. ಏಡಿಯನ್ನು ಲಂಗದಲ್ಲಿ ಮುಚ್ಚಿಕೊಂಡು ಇಳಿದು, ಒರೆಸಿ, ವೈರು ಚುಚ್ಚಿದಳು. ಕೆಂಪು ದೀಪ ನೆಟ್ಟಗೆ ಹತ್ತಿತು. ಚುಕ್ಕಿ ಮೂಸಿ ನೋಡಿ ಸೀನಿತು.

ಚಾರ್ಜಾದ ಕೂಡಲೇ ಅಕ್ಕನ ಕೈಯಲ್ಲಿ ಕೊಟ್ಟುಬಿಡಬೇಕು, ಭಾವ ಎದ್ದು ಉಣ್ಣುತ್ತಾನೆ, ಕಡಸು ಉಳಿಯುತ್ತದೆ. ಇಷ್ಟೇ ಅವಳ ಯೋಚನೆ. ಅಕ್ಕನನ್ನು ಹುಡುಕಿಕೊಂಡು ಕೋಣೆಯ ಬಾಗಿಲಿಗೆ ಹೋದಾಗ ಒಳಗಿನ ಪಿಸುಮಾತು ಕೇಳಿಸಿತು.

"ನಿಮ್ಗೆ ಉಂಗ್ರ ಮಾಡ್ಸಕ್ಕೆ ರೂಪನ್ ಕಡಸು ಮಾರ್ತಾರಂತೆ ಕಣ್ರಿ. ಇದ್ದುದ್ ಇದ್ದಂಗೆ ಏಳ್ಬುಡಿ," ಅಂದಳು ಪುಷ್ಪ.

"ಕೊಡೋರ್ನ ಬ್ಯಾಡ ಅನ್ನಕಾಯ್ತದಾ?" ಅಂದ ಉದಯಕುಮಾರ. "ಹಿರೀರು. ಬೇಜಾರ್ ಮಾಡ್ಕತಾರೆ."

ರೂಪ ಬಂದ ಹೆಜ್ಜೆಯಲ್ಲೇ ಕೊಟ್ಟಿಗೆಗೆ ವಾಪಸ್ಸಾದಳು. 

ಚಿಕ್ಕಮಾದಪ್ಪ ಬಂದು ಜಗಲಿಯ ಮೇಲೆ ಹಗ್ಗ ಇಟ್ಟುಕೊಂಡು ಕೂತ. ಒಳಗೆ ಬಾಡಿನ ಸಾರು ಕುದಿಯುತ್ತಿತ್ತು. ಉದಯಕುಮಾರ ತಾರಸಿಗೆ ಹೋಗಿ ನೋಡಿದರೆ ಏಡಿ ಇಲ್ಲ.

"ನಾನೇನ್ ತಿಂದಿಲ್ಲ ಕನಪ್ಪ," ಅಂದಿತು ಅಜ್ಜಿ.

ಕೇಳುವಂತಿಲ್ಲ, ಬಿಡುವಂತಿಲ್ಲ. ಮನೆ ಸುತ್ತಿ, ಹಿತ್ತಲು ಸುತ್ತಿ, ಕೊಟ್ಟಿಗೆಯ ಕತ್ತಲಲ್ಲಿ ಒಂದು ಕೆಂಪು ಚುಕ್ಕೆ ಕಂಡು ಒಳಗೆ ಬಂದ.

"ಉರೀತಾ ಅದೆ!" ಅಂದ. ಮೊದಲ ಮಗುವಿನ ಮುಖ ನೋಡಿದವನ ದನಿ. "ರೂಪ, ಕೊಡವ್ವ ಇಲ್ಲಿ."

ರೂಪ ಏಡಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಬಾಯಿ ಒಣಗಿತು. ಚುಕ್ಕಿಯ ಕೊರಳ ಮೇಲೆ ಕೈಯಿಟ್ಟಳು. ಚುಕ್ಕಿಗೆ ಹೇಳುವಂತೆ ಹೇಳಿದಳು.

"ಉಂಗ್ರ ಬ್ಯಾಡ ಅಂತ ಅಪ್ಪನ್ ಮುಂದೆ ಏಳಿ ಭಾವ. ಆಮೇಲೆ ಕೊಡ್ತೀನಿ."

ಅವಳಿಗೆ ಮಾತು ಬರುತ್ತದೆಂಬುದೇ ಅವನಿಗೆ ಹೊಸದು.

"ಅಂಗೆಲ್ಲಾ ಏಳಕಾಯ್ತದಾ? ಮದ್ವೆ ಆದೋರ್ಗೆ ಒಂದು ಮರ್ವಾದೆ ಅಂತ ಇರಲ್ವಾ?"

ರೂಪ ವೈರು ಎಳೆದಳು. ದೀಪ ಆರಿತು.

"ಅಯ್ಯಯ್ಯೋ, ಚುಚ್ಚು ಚುಚ್ಚು!"

ಕೆಂಚಯ್ಯ ಕಡಸು ಬಿಚ್ಚಲು ಹಜಾರ ದಾಟುತ್ತಿದ್ದ. ಉದಯಕುಮಾರ ಎದುರಿಗೆ ಓಡಿ ಬಂದು ನಿಂತ. ಎಲ್ಲರೂ ಅಲ್ಲಿದ್ದರು.

"ಮಾವ, ನಂಗೆ ಉಂಗ್ರ ಬ್ಯಾಡ."

ಕೆಂಚಯ್ಯನ ಮುಖ ಬಿಳಿಚಿತು.

"ಕೇಳ್ದಾ?" ಎಂದು ಮಾದಣ್ಣ ಅವನ ಕಿವಿಯಲ್ಲಿ ಪಿಸುಗುಟ್ಟಿದ. "ಉಂಗ್ರ ಬ್ಯಾಡಂತೆ. ಟ್ರ್ಯಾಕ್ಟ್ರೇ ಬೇಕಂತೆ."

ಉದಯಕುಮಾರನಿಗೆ ಆಗ ಮೊದಲ ಬಾರಿ, ತಾನು ಈ ಎರಡು ದಿನದಲ್ಲಿ ಇವರ ಲೆಕ್ಕದಲ್ಲಿ ಏನೇನು ಕೇಳಿದ್ದೇನೆಂಬುದು ತಿಳಿಯಿತು. ತೆರೆದ ಬಾಗಿಲಾಚೆ ಕೊಟ್ಟಿಗೆ ಕಾಣುತ್ತಿತ್ತು. ಅಲ್ಲಿ ರೂಪ ಒಂದು ಕೈಯಲ್ಲಿ ಏಡಿ, ಇನ್ನೊಂದರಲ್ಲಿ ವೈರು ಹಿಡಿದು ನಿಂತಿದ್ದಳು.

"ಟ್ರ್ಯಾಕ್ಟ್ರೂ ಬ್ಯಾಡ ಮಾವ. ಮನೆ ಬ್ಯಾಡ, ಹೊಲ ಬ್ಯಾಡ. ಕಡಸ ಮಾರ್ಬ್ಯಾಡಿ. ಅದು ಪಾಪ ಗಬ್ಬ. ನಂಗೇನೂ ಬ್ಯಾಡ."

"ಬೆಟ್ಟದ ಮಾದಪ್ಪನಾಣೆ?" ಅಂದ ಮಾದಣ್ಣ.

"ಮಾದಪ್ಪನಾಣೆ. ಅತ್ತೆ, ಊಟಕ್ಕಿಕ್ಕಿ."

ಚೆಲುವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುದ್ದೆಯ ಮೇಲೆ ಮುದ್ದೆ ಇಟ್ಟಳು. ಇಂಥ ಅಳಿಯ ಏಳು ಹಳ್ಳಿಯಲ್ಲಿಲ್ಲ ಎಂದು ಅಜ್ಜಿ ನೆಟಿಕೆ ಮುರಿಯಿತು. ಚಿಕ್ಕಮಾದಪ್ಪ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಎದ್ದವನು ಸಾರಿನ ಘಮಕ್ಕೆ ಮತ್ತೆ ಕೂತ. "ವ್ಯಾಪಾರ ಓದ್ರೆ ಓಯ್ತು, ಊಟನೂ ಓಗ್ಬೇಕಾ?" ಅಂದ.

ಸಂಜೆಯ ಹೊತ್ತಿಗೆ ಸುದ್ದಿ ಹನೂರಿನ ಬಸ್‌ಸ್ಟ್ಯಾಂಡ್ ಮುಟ್ಟಿತ್ತು. ಕೊಟ್ಟ ಉಂಗುರವನ್ನು ಬೇಡ ಅಂದ, ಗಬ್ಬದ ಹಸುವಿಗೆ ಮರುಗಿ ಕಣ್ಣೀರು ಹಾಕಿದ ಅಳಿಯ. ತಾನೇ ಹಿಂದಿನ ದಿನ ಟ್ರ್ಯಾಕ್ಟರಿನ ಹತ್ತಿರ ಹೋಗಿ ನಾಲ್ಕು ಬುದ್ಧಿಮಾತು ಹೇಳಿದ್ದೆ ಎಂದು ಮಾದಣ್ಣ ಟೀ ಅಂಗಡಿಯಲ್ಲಿ ವಿವರಿಸಿದ. ಜಡೇಸ್ವಾಮಿಯ ಮನೆಯವರು ಮಂಚವನ್ನು ಒಳಕೋಣೆಗೆ ಹಾಕಿದರಂತೆ.

ಸೋಲಾರ್ ತಟ್ಟೆ ಚಿಕ್ಕದು, ಏಡಿಯ ಹೊಟ್ಟೆ ದೊಡ್ಡದು. ಒಂದಷ್ಟು ಹೊತ್ತು ಕಾರು ಓಡಿಸಿದರೆ ಮತ್ತೆ ಕೊಟ್ಟಿಗೆಗೆ ಬರಬೇಕು. ಮರುದಿನ ಬೆಳಿಗ್ಗೆ ಉದಯಕುಮಾರ ಕೊಟ್ಟಿಗೆಯ ಬಾಗಿಲಲ್ಲಿ ಪಂಚೆ ಎತ್ತಿ ಕಟ್ಟಿ ನಿಂತಿದ್ದ, ತಲೆಯ ಮೇಲೆ ಹಸಿ ಹುಲ್ಲಿನ ಹೊರೆ. ದಾರಿಯಲ್ಲಿ ಹೋಗುವವರು ನಿಂತು ಕೈಮುಗಿದು ಹೋಗುತ್ತಿದ್ದರು.

"ಆಯ್ತಾ ರೂಪವ್ವ?"

ಗೋದಲಿಯ ಮೇಲೆ ಏಡಿಯ ಹೊಟ್ಟೆ ತುಂಬಿ, ಕೆಂಪು ದೀಪ ಆಗಲೇ ಹಸಿರಾಗಿತ್ತು. ರೂಪ ಮೆಲ್ಲಗೆ ದಾವಣಿಯ ಸೆರಗನ್ನು ಅದರ ಮೇಲೆ ಎಳೆದಳು.

"ಇನ್ನೂ ಇಲ್ಲ ಭಾವ," ಅಂದಳು. "ಇನ್ನೊಂದು ಹೊರೆ ತಂದ್ಬುಡಿ."