ಜೂರಾಕನ್ ಲ್ಯಾಪ್‌ಟಾಪ್ ಆರಿಸಿದ್ದು

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಕಾರಾ-ಬುಲುನ್ ಹಳ್ಳಿಯ ಪ್ರತಿ ದೊಡ್ಡಿಯ ಮುಂದೆಯೂ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಹತ್ತು ದಿನದಲ್ಲಿ ಮಂದೆಗಳು ಬೆಟ್ಟದ ಮೇಲಿನ ಬೇಸಿಗೆ ಹುಲ್ಲುಗಾವಲಿಗೆ ಹೊರಡಬೇಕು. ಊರಿನ ಪಶುವೈದ್ಯೆ ಜೂರಾಕನ್ ಇಪ್ಪತ್ತೊಂದು ವರ್ಷದಿಂದ ಕುರಿಗಳ ಕಿವಿಗೆ ಚುಚ್ಚಿದ ಬಿಲ್ಲೆಯ ಸಂಖ್ಯೆಗಳನ್ನು ದಪ್ಪ ಪುಸ್ತಕದಲ್ಲಿ ಬರೆದುಕೊಂಡು ಬಂದವಳು. ಈ ವರ್ಷದಿಂದ ಪುಸ್ತಕ ನಡೆಯುವುದಿಲ್ಲ, ಕುರಿಯ ಪಕ್ಕದಲ್ಲೇ ನಿಂತು ಲ್ಯಾಪ್‌ಟಾಪಿಗೆ ತುಂಬಬೇಕು ಎಂದು ಹುಲ್ಲುಗಾವಲು ಸಮಿತಿ ಹೇಳಿತ್ತು. ದುಡ್ಡು ಸಮಿತಿಯದು, ಆಯ್ಕೆ ಅವಳದು. ಕೈಲಾಗದಿದ್ದರೆ ಪಟ್ಟಣದಿಂದ ಬೇರೆಯವರನ್ನು ನೇಮಿಸುತ್ತೇವೆ ಎಂದೂ ಹೇಳಿತ್ತು, ಬಹಳ ಮರ್ಯಾದೆಯಿಂದ.

ಪಟ್ಟಣದಲ್ಲಿ ಫೋನು ರಿಪೇರಿ ಮಾಡುವ ಕುಬಾತ್ ಮೂರು ಲ್ಯಾಪ್‌ಟಾಪುಗಳನ್ನು ಕಂಬಳಿಯಲ್ಲಿ ಸುತ್ತಿ ತಂದ. ಮೂರು ದಿನ ಇಟ್ಟುಕೊಂಡು ನೋಡಿ, ಒಂದನ್ನು ಆರಿಸಿ ಎಂದು ಬಿಟ್ಟುಹೋದ. ಕುದುರೆ ಮಾರುವವರೂ ಹಾಗೇ ಮಾಡುವುದು. ಹಾಗಾಗಿ ನಲವತ್ತು ವರ್ಷ ಕುದುರೆಗಳ ಗುಣದೋಷ ಹೇಳಿಕೊಂಡು ಬಂದ ಅವಳ ಚಿಕ್ಕಪ್ಪ ಅಸನಾಲಿಯನ್ನು ಯಾರೂ ಕರೆಯಬೇಕಾಗಲಿಲ್ಲ.

ಅವನು ತೆಳ್ಳಗಿನದನ್ನು ಅಂಗೈಯಲ್ಲಿ ತೂಗಿದ.

"ಮೂಳೆ ಇಲ್ಲ. ಓಟಕ್ಕೆ ಸರಿ, ಹೊರೆಗಲ್ಲ."

"ಅಬಾ, ಇದು ಒಂದು ಸಲ ಚಾರ್ಜ್ ಮಾಡಿದ್ರೆ ಹತ್ತು ಗಂಟೆ ಬರುತ್ತಂತೆ," ಎಂದಳು ಜೂರಾಕನ್ ಚಿಕ್ಕಪ್ಪನಿಗೆ.

"ಯಾರು ಹೇಳಿದ್ದು?"

"ಕುಬಾತ್."

"ಮಾರೋನು ಹೇಳಿದ್ದಾ? ಹಾಗಾದ್ರೆ ಐದು."

ಎರಡನೆಯದು ಹುಡುಗರು ಆಟವಾಡುವಂಥದ್ದು, ಅಕ್ಷರದ ಗುಂಡಿಗಳೆಲ್ಲ ಕೆಂಪಗೆ ಹೊಳೆಯುತ್ತಿದ್ದವು. ಅಸನಾಲಿ ಅದರ ಹೊಟ್ಟೆಯಡಿ ಕೈಯಿಟ್ಟ. "ನಿಂತಲ್ಲೇ ಏದುಸಿರು ಬಿಡ್ತಿದೆ. ತಿನ್ನೋದು ಜಾಸ್ತಿ." ಜೂರಾಕನ್‌ಳ ನಾದಿನಿ ಬುರುಲ್ಚಾ ರೊಟ್ಟಿ ಹಿಟ್ಟಿನ ಬೋಗುಣಿಯನ್ನು ಅದರ ಬಿಸಿಗಾಳಿಗೆ ಸರಿಸಿಟ್ಟಳು. ಹಿಟ್ಟು ಚೆನ್ನಾಗಿ ಉಬ್ಬಿತು. ಅದನ್ನೂ ಗುಣಗಳ ಲೆಕ್ಕಕ್ಕೆ ಸೇರಿಸಲಾಯಿತು.

ಮೂರನೆಯದು ಯಾವುದೋ ಜರ್ಮನ್ ಕಚೇರಿಯಲ್ಲಿ ದುಡಿದು ಬಂದದ್ದು. ದಪ್ಪ, ಭಾರ, ಮಂಕು. ಬ್ಯಾಟರಿ ಎರಡೇ ಗಂಟೆ. ಆದರೆ ಅದನ್ನು ಬಿಚ್ಚಿ ಬೇರೆ ಹಾಕಬಹುದು, ಜೊತೆಗೆ ಕುಬಾತ್ ಇನ್ನೆರಡು ಬ್ಯಾಟರಿ ಕೊಟ್ಟಿದ್ದ. "ವಯಸ್ಸಾಗಿದೆ. ಬೆನ್ನು ಗಟ್ಟಿ," ಎಂದ ಅಸನಾಲಿ.

ಓಟಕ್ಕೆ ಮುಂಚೆ ಕುದುರೆಯನ್ನು ಉಪವಾಸ ಕಟ್ಟಿಹಾಕುವುದು ಪದ್ಧತಿ. ಅವನು ಮೂರನ್ನೂ ಚಾಲೂ ಮಾಡಿಸಿ, ವೈರು ಕೀಳಿಸಿದ. ಮಾರನೆಯ ಬೆಳಿಗ್ಗೆ ಮೂರೂ ಸತ್ತಿದ್ದವು. ಇದರಿಂದ ಏನು ತಿಳಿಯಿತು ಎಂದು ಬುರುಲ್ಚಾ ಕೇಳಿದಳು. ಅವನು ಅವುಗಳಿಗೆ ಮತ್ತೆ ಕರೆಂಟು ಕುಡಿಸಿ, ಜೀನಿನ ಜೋಳಿಗೆಯ ಒಂದು ಕಡೆ ದಪ್ಪನೆಯದನ್ನೂ ಇನ್ನೊಂದು ಕಡೆ ಉಳಿದೆರಡನ್ನೂ ಹಾಕಿಕೊಂಡು ಕಣಿವೆಯ ತಲೆಯವರೆಗೆ ಹೋಗಿಬಂದ. ತೂಕ ಸರಿಸಮ ಕೂತಿತು. ಮೇಲಿನ ಚಳಿಗೆ ತೆಳ್ಳಗಿನದರ ಶಕ್ತಿ ಅರ್ಧ ಇಳಿದಿತ್ತು. ಕೆಂಪಿನದು ಮುಚ್ಚಳ ತೆರೆದಾಗ ಕಿರುಗುಟ್ಟಿತು. ದಪ್ಪನೆಯದಕ್ಕೆ ಏನೂ ಆಗಿರಲಿಲ್ಲ.

ಮೂರನೆಯ ದಿನ ಅಸನಾಲಿಯ ಅರವತ್ಮೂರು ಕುರಿಗಳನ್ನು ನಿಲ್ಲಿಸಿಕೊಂಡರು. ಜೂರಾಕನ್ ಒಂದೊಂದೇ ಕಿವಿ ಹಿಡಿದು, ಓದಿ, ಮೂರರಲ್ಲೂ ತುಂಬಿದಳು. ಆಮೇಲೆ ಬುರುಲ್ಚಾ ಕಿವಿಗಳೊಂದಿಗೆ ತಾಳೆ ನೋಡಿದಳು. ತೆಳ್ಳಗಿನದರಲ್ಲಿ ಒಂಬತ್ತು ತಪ್ಪು, ಕೆಂಪಿನದರಲ್ಲಿ ಹನ್ನೊಂದು, ದಪ್ಪನೆಯದರಲ್ಲಿ ಎಂಟು. ಅಸನಾಲಿಯ ಬೀಜದ ಟಗರು ಪಕ್ಕದ ಮನೆಯವರ ಹಾಲು ಕೊಡುವ ಕುರಿಯಾಗಿ ದಾಖಲಾಗಿತ್ತು.

"ಮೂರೂ ಸುಳ್ಳು ಹೇಳ್ತವೆ. ವಾಪಸ್ ಕೊಡು," ಎಂದ ಅಸನಾಲಿ.

ಎರಡು ವರ್ಷದಿಂದ ಜೂರಾಕನ್‌ಗೆ ಸಣ್ಣ ಬರಹದಲ್ಲಿ ಮೂರು ಯಾವುದು, ಎಂಟು ಯಾವುದು ಕಾಣುತ್ತಿರಲಿಲ್ಲ. ಕಿವಿಯ ಬಿಲ್ಲೆಯ ಅಂಕಿಗಳನ್ನು ಬೆರಳಿನಿಂದ ತಡವಿ ಹೇಳುತ್ತಿದ್ದಳು, ಪುಸ್ತಕದಲ್ಲಿ ದೊಡ್ಡದಾಗಿ ಬರೆಯುತ್ತಿದ್ದಳು. ಸಮಿತಿಗೆ ಗೊತ್ತಾದರೆ ಪಟ್ಟಣದವನು ನಾಳೆಯೇ ಬರುತ್ತಾನೆ.

ಮಧ್ಯಾಹ್ನ ಕುಬಾತ್ ಕುದುರೆ ಕಟ್ಟಿ ಒಳಗೆ ಬಂದ.

"ಯಾವ್ದು ಇಟ್ಕೊಳ್ತೀರಿ, ಎಜೆ?" ಎಂದು ಅಕ್ಕನನ್ನು ಕೇಳುವಂತೆ ಜೂರಾಕನ್‌ಳನ್ನು ಕೇಳಿದ.

"ನಿನ್ನವು ಮೂರಕ್ಕೂ ಎಣಿಕೆ ಬರಲ್ಲ ಕಣೋ," ಎಂದ ಅಸನಾಲಿ.

"ಆತಾ, ಲ್ಯಾಪ್‌ಟಾಪು ತಪ್ಪು ಬರ್ಕೊಳ್ಳಲ್ಲ," ಎಂದ ಕುಬಾತ್ ಮುದುಕನಿಗೆ.

"ಹಾಗಾದ್ರೆ ನನ್ನ ಟಗರು ಹಾಲು ಕೊಡುತ್ತಾ?"

"ಅವುಗಳದ್ದಲ್ಲ ತಪ್ಪು," ಎಂದಳು ಜೂರಾಕನ್. "ನನಗೆ ಅಕ್ಷರ ಕಾಣೋದಿಲ್ಲ. ಮೂರೂ ಎಂಟೂ ಒಂದೇ ಥರ."

ಬುರುಲ್ಚಾ ಎಲ್ಲರಿಗೂ ಚಹಾ ಬಗ್ಗಿಸಿದಳು, ಆಗಲೇ ತುಂಬಿದ್ದ ಬಟ್ಟಲಿಗೂ. ಕುಬಾತ್ ಹತ್ತಿರವಿದ್ದ ಲ್ಯಾಪ್‌ಟಾಪನ್ನು ಎಳೆದುಕೊಂಡು ಎರಡು ಗುಂಡಿ ಒತ್ತಿದ. ಅಂಕಿಗಳು ಊದಿಕೊಂಡವು.

"ಇಷ್ಟು ಸಾಕಾ?"

"ಇನ್ನೂ."

"ಇಷ್ಟು?"

"ಇನ್ನೂ ಸ್ವಲ್ಪ." ಪರದೆಯ ಮೇಲೆ ನಾಲ್ಕೇ ಸಾಲು ಉಳಿದಾಗ ಅವಳು ಕೈಯೆತ್ತಿದಳು. "ಮೂರರಲ್ಲೂ ಹೀಗಾಗುತ್ತಾ?"

"ಮೂರರಲ್ಲೂ. ಇದನ್ನ ಮೊದಲ್ನೇ ದಿನವೇ ಫೋನ್ ಮಾಡಿ ಕೇಳಬಾರದಿತ್ತಾ, ಎಜೆ?"

"ಮೊದಲ್ನೇ ದಿನ ಅಬಾ ಇವುಗಳ ಹಲ್ಲು ನೋಡ್ತಿದ್ರು."

ಅಸನಾಲಿ ಗಂಟಲು ಸರಿಮಾಡಿಕೊಂಡ. "ನನಗೂ ಆರು ವರ್ಷದಿಂದ ಕುದುರೆ ಹಲ್ಲು ಕಾಣಲ್ಲ. ಬೆರಳು ಹಾಕಿ ವಯಸ್ಸು ಹೇಳ್ತೀನಿ."

"ನನಗೆ ಹದಿನಾಲ್ಕು ವರ್ಷದ ಕುದುರೇನ ಏಳು ಅಂತ ಕೊಡಿಸಿದ್ರಲ್ಲ, ಆತಾ, ಅದೂ ಬೆರಳಲ್ಲೇನಾ?"

"ಅವತ್ತು ಚಳಿ ಇತ್ತು."

ಜೂರಾಕನ್ ಮೂರನ್ನೂ ಮತ್ತೆ ದೊಡ್ಡಿಗೆ ಒಯ್ದಳು. ತೆಳ್ಳಗಿನದರ ಹೊಳೆಯುವ ಪರದೆಯಲ್ಲಿ ಬಿಸಿಲಿಗೆ ಅವಳ ಮುಖವೂ ಹಿಂದಿನ ಬೆಟ್ಟವೂ ಕಂಡವು, ಅಂಕಿ ಕಾಣಲಿಲ್ಲ. ಕೆಂಪಿನದು ಹಾರುವ ಉಣ್ಣೆಯನ್ನೆಲ್ಲ ಒಳಗೆಳೆದುಕೊಂಡು ಗೊರಗೊರ ಎಂದಿತು. ದಪ್ಪನೆಯದು ಮನೆಯೊಳಗೆ ಎಷ್ಟು ಮಂಕಾಗಿತ್ತೋ ಬಿಸಿಲಲ್ಲೂ ಅಷ್ಟೇ ಮಂಕಾಗಿತ್ತು, ಅಂಕಿಗಳು ಕಾಣುತ್ತಿದ್ದವು. ಅರವತ್ಮೂರು ಕುರಿಗಳನ್ನು ಮೊದಲಿನಿಂದ ತುಂಬಿದಳು. ನಡುವೆ ಒಮ್ಮೆ ಬ್ಯಾಟರಿ ಬದಲಿಸಿದಳು. ಬುರುಲ್ಚಾ ತಾಳೆ ನೋಡಿದಳು. ತಪ್ಪು ಒಂದೂ ಇರಲಿಲ್ಲ. ಟಗರು ಟಗರಾಗಿಯೇ ಇತ್ತು.

"ಇದನ್ನ ಇಟ್ಕೊಳ್ತೀನಿ. ಸಮಿತಿಗೆ ನಾನೇ ಹೇಳ್ತೀನಿ, ಕಣ್ಣಿನ ವಿಷಯಾನೂ," ಎಂದಳು. "ಪಟ್ಟಿ ನೋಡಿದ ಮೇಲೆ ಏನಂತಾರೋ ಅನ್ನಲಿ. ಮೂರು ದಿನ ನಂಬಿ ಬಿಟ್ಟಿದ್ದಕ್ಕೆ ನಿನಗೇನು ಕೊಡಬೇಕು?"

"ಏನೂ ಬೇಡ, ಎಜೆ. ಕುದುರೆ ಹಿಂದಿನ ಕಾಲು ಎಳೀತಿದೆ, ಸ್ವಲ್ಪ ನೋಡಿ."

ಅವಳು ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು, ಸಿಕ್ಕಿಕೊಂಡಿದ್ದ ಕಲ್ಲನ್ನು ಕಿತ್ತು ತೆಗೆದಳು, ಗಾಯಕ್ಕೆ ಗೊರಸಿನ ಮದ್ದಾದ ಡಾಂಬರು ಹಚ್ಚಿದಳು. ಕುದುರೆ ಕಾಲೂರಿ ನಿಂತಿತು.

"ಲೆಕ್ಕ ಮುಗೀತು," ಎಂದ ಕುಬಾತ್. ಉಳಿದೆರಡನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟ.